ತಂಗಿಯ ಕಾಲು ಬಿಡದ ಕೂಸು

ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ಹೆಸರು ಮಾತ್ರ ಕೇಳಬೇಡಿ, ಎಳೆಗೂಸುಗಳ ಐಸಿಯು ನರ್ಸ್ ನಾನು. ದೆವ್ವ-ಗಿವ್ವ ಅಂದವರನ್ನು ಬೈದು ಕಳಿಸುತ್ತಿದ್ದವಳು. ಆದರೆ ಆ ರಾತ್ರಿ ನಡೆದದ್ದು ನನ್ನ ಕೈಗೇ...

ಭದ್ರಾವತಿಯಿಂದ ಆಂಬುಲೆನ್ಸ್‌ನಲ್ಲಿ ಬಂದ ಹೆಣ್ಣುಮಗು. ಹಿಂದಿನ ದಿನ ಹುಟ್ಟಿದ್ದು. ತಾಯಿ ಭದ್ರಾವತಿಯಲ್ಲೇ ಎಚ್ಚರ ತಪ್ಪಿ ಮಲಗಿದ್ದಳು. ಮಗುವಿನ ಬಲಗಾಲು ತೊಡೆಯಿಂದ ಕೆಳಗೆ ನೇರಳೆ, ಮುಟ್ಟಿದರೆ ಐಸು. ಪಾದದಲ್ಲಿ ನಾಡಿಯೇ ಇಲ್ಲ.

ಡಾಕ್ಟರ್ ಮೇಡಂ ಸ್ಕ್ಯಾನ್ ಮಾಡಿ, "ತೊಡೆಯ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ. ಜೊತೆಗಿದ್ದ ಅವಳಿ ಸತ್ತೇ ಹುಟ್ಟಿತಂತೆ, ಅದರಿಂದಲೂ ಹೀಗಾಗಬಹುದು" ಎಂದರು.

ಅಪ್ಪ ಲೋಕೇಶನಿಗೆ ಬಾಗಿಲಲ್ಲೇ ನಿಂತು ವಿವರಿಸಿದರು. "ರಕ್ತ ತೆಳ್ಳಗೆ ಮಾಡೋ ಔಷಧಿ ಶುರು ಮಾಡ್ಬೇಕು. ತಲೆಯೊಳಗೆ ರಕ್ತ ಸೋರೋ ಅಪಾಯ ಇದೆ. ಕೊಡ್ಲಿಲ್ಲ ಅಂದ್ರೆ ಕಾಲು ಕತ್ತರಿಸಬೇಕಾಗ್ಬಹುದು."

ಕತ್ತರಿಸೋದು ಅನ್ನುವುದೊಂದೇ ಅವನ ಕಿವಿಗೆ ಬಿದ್ದದ್ದು. "ಒಂದನ್ನ ತಿಂದಾಯ್ತು, ಇದನ್ನೂ ಕಡೀತೀರಾ?" ಎಂದವನೇ ಡ್ರಿಪ್ ಸ್ಟ್ಯಾಂಡ್ ಎತ್ತಿ ಬಾಗಿಲಿಗೆ ಬೀಸಿದ. ಗಾಜು ಸಿಡಿದು ನನ್ನ ಹಣೆ ಸೀಳಿತು. ಬಿಸಿ ರಕ್ತ ಕಣ್ಣಿಗಿಳಿಯಿತು.

ತಡೆಯಲು ಬಂದ ತನ್ನ ತಾಯಿ ಗೌರಮ್ಮನನ್ನೂ ಗೋಡೆಗೆ ದೂಡಿದ. ಬಿದ್ದಲ್ಲಿಂದಲೇ ಆಕೆ ಚೀರಿದಳು. "ಮೊದ್ಲು ಅದನ್ನ ಮಣ್ಣು ಮಾಡೋ ಪಾಪಿ! ಅದು ತಂಗಿ ಕಾಲು ಬಿಡ್ತಿಲ್ಲ ಕಣೋ!"

ಬೆಂಚಿನ ಕೆಳಗೊಂದು ರೆಕ್ಸಿನ್ ಚೀಲ... ಸತ್ತ ಕೂಸು ಅದರೊಳಗಿತ್ತು. ಹೂಳಲು ಪುರುಸೊತ್ತಾಗದೆ ಜೊತೆಗೇ ತಂದುಬಿಟ್ಟಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಲೋಕೇಶನ ಕೆನ್ನೆಗೆ ಬಾರಿಸಿದೆ. "ಮಾರಾಯ, ಒಳಗೆ ನಿನ್ನ ಮಗಳು ಸಾಯ್ತಿದಾಳೆ! ಸೈನ್ ಹಾಕು!"

ಅಳುತ್ತಲೇ ಹಾಕಿದ. ಗೌರಮ್ಮ ಚೀಲ ಅವಚಿಕೊಂಡು ಅದೇ ಆಂಬುಲೆನ್ಸ್‌ನಲ್ಲಿ ಭದ್ರಾವತಿಗೆ ಹೊರಟಳು.

ಹಣೆಗೆ ಪಟ್ಟಿ ಸುತ್ತಿಕೊಂಡು, ನೀಲಿ ಗ್ಲೌಸ್ ಹಾಕಿ ಒಳಗೆ ಬಂದೆ. ಔಷಧಿ ಸಣ್ಣಗೆ ಇಳಿಯುತ್ತಿತ್ತು. ಸ್ಪಿರಿಟ್ ವಾಸನೆಯ ನಡುವೆ ಎಲ್ಲಿಂದಲೋ ಹಸಿಮಣ್ಣಿನ ವಾಸನೆ... ನಾಡಿ ನೋಡಲು ಪಾದದ ಮೇಲಿನ ಬಟ್ಟೆಯೊಳಗೆ ಕೈ ಹಾಕಿದೆ.

ಏನೋ ನನ್ನ ಬೆರಳು ಹಿಡಿಯಿತು.

ಪುಟ್ಟ ಮುಷ್ಟಿ. ಅಯ್ಯೋ, ಮಗುವಿನ ಎರಡೂ ಕೈ ನನ್ನ ಕಣ್ಣೆದುರೇ ಇದ್ದವು! ಎಳೆದೆ... ಬಿಡಲಿಲ್ಲ. ತಿರುಚಿತು. ನನ್ನ ಬೆರಳಿನ ಮೂಳೆ ಲಟಕ್ಕೆಂದಿತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದಾಗ ಗ್ಲೌಸಿನ ತುದಿ ಹರಿಯಿತು. ಬಟ್ಟೆ ಸರಿಸಿದರೆ ಏನೂ ಇಲ್ಲ. ಹರಿದ ಚೂರಿಗಾಗಿ ಹಾಸಿಗೆಯೆಲ್ಲ ಜಾಲಾಡಿದರೂ ಸಿಗಲಿಲ್ಲ.

ಬೆಳಗಿನ ಜಾವ ಪಾದ ಕೆಂಪಾಯಿತು. ನಾಡಿ ಸಿಕ್ಕಿತು! ಔಷಧಿ ಕೆಲಸ ಮಾಡಿತು ಎಂದರು ಮೇಡಂ. ನಾನೂ ಹಾಗೇ ಅಂದುಕೊಂಡೆ.

ಆಗಲೇ ಗೌರಮ್ಮನ ಫೋನ್ ಬಂತು. ಲೋಕೇಶ ಸ್ಪೀಕರ್ ಹಾಕಿದ.

"ಮಣ್ಣು ಮಾಡಿದ್ವಿ ಕಣಪ್ಪಾ... ಕೂಸು ಮುಷ್ಟಿ ಬಿಗಿ ಹಿಡಿದಿತ್ತು. ಬಿಡಿಸಿದ್ರೆ ಒಳಗೆ ನೀಲಿ ರಬ್ಬರ್ ಚೂರು."

ಹೆರಿಗೆ ಮಾಡಿಸಿದವರ ಗ್ಲೌಸಿನದಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆ ಹುಡುಗಿ ಈಗ ಎರಡೂ ಕಾಲಲ್ಲಿ ಓಡುತ್ತಾಳೆ. ತಪಾಸಣೆಗೆ ಬಂದಾಗಲೆಲ್ಲ ನನ್ನ ಈ ಡೊಂಕು ಬೆರಳನ್ನೇ ಹುಡುಕಿ ಹಿಡಿದುಕೊಳ್ಳುತ್ತಾಳೆ. ನಾನು ಬಿಡಿಸಿಕೊಳ್ಳಲು ಹೋಗುವುದಿಲ್ಲ... ಭಯವಾಗುತ್ತದೆ.