ನಾಯಿಯ ಕೊರಳಿನ ಗಂಟು

ನಾನು ಗಂಡಸಿ ಎಂಬ ಊರಿನ ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದು ಎರಡು ವರ್ಷವಾಗಿತ್ತು. ಎಪ್ಪತ್ತರ ದಶಕದ ಕೊನೆ. ಬರುತ್ತಿದ್ದುದೆಲ್ಲ ಹಸು, ಎಮ್ಮೆ, ಕುರಿಗಳೇ. ಹಾಗಾಗಿ ಒಂದು ಬೆಳಿಗ್ಗೆ ಹಾರನಹಳ್ಳಿ ಕಡೆಯ ಗಂಡ ಹೆಂಡತಿ ಎತ್ತಿನ ಗಾಡಿಯಲ್ಲಿ ಕಂದು ನಾಯಿಯೊಂದನ್ನು ಮಲಗಿಸಿಕೊಂಡು ಬಂದಾಗ ನಮ್ಮ ಕಾಂಪೌಂಡರ್ ನಕ್ಕುಬಿಟ್ಟರು.

ಆ ಹೆಂಗಸು ನಗಲಿಲ್ಲ. "ನಮ್ ಯಜಮಾನ್ರಿಗೆ ಕಿವಿ ಕೇಳಕಿಲ್ಲ ಸ್ವಾಮಿ. ತ್ವಾಟದಾಗೆ ಯಾರಾರ ಕೂಗಿದ್ರೆ ಇದೇ ಪಂಚೆ ಹಿಡ್ದು ಎಳೀತೈತೆ. ಹೋದ್ ವರ್ಷ ಹಾವು ಬಂದಾಗ್ಲೂ ಇದೇ ಎಳ್ಕಂಡ್ ಬಂದಿದ್ದು," ಎಂದರು.

ಗಂಟಲಿನ ಎಡಬದಿಯಲ್ಲಿ, ಥೈರಾಯ್ಡ್ ಗ್ರಂಥಿ ಇರುವ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಗಂಟು. ಬೆರಳಿನಿಂದ ಅಲುಗಿಸಿದೆ. ಚರ್ಮದಡಿ ಸಲೀಸಾಗಿ ಜಾರಿತು. ಸಮಾಧಾನವಾಯಿತು. ಒಳಗಿನ ಮಾಂಸಕ್ಕೋ ರಕ್ತನಾಳಕ್ಕೋ ಅಂಟಿಕೊಂಡಿದ್ದರೆ ನಾನು ಮುಟ್ಟುತ್ತಿರಲಿಲ್ಲ.

"ತೆಗೀಬಹುದಮ್ಮ. ಆದ್ರೆ ನಾಯಿಗೆ ಇಲ್ಲಿ ಗಂಟಾದ್ರೆ ಹೆಚ್ಚಾಗಿ ಕ್ಯಾನ್ಸರ್ರೇ ಆಗಿರುತ್ತೆ. ರಕ್ತ ಬಹಳ ಹೋಗುತ್ತೆ. ಟೇಬಲ್ ಮೇಲೇ ಸತ್ತರೂ ಸಾಯಬಹುದು. ಉಳಿದ್ರೂ ಮುಂದೆ ಶ್ವಾಸಕೋಶಕ್ಕೆ ಹರಡಬಹುದು. ನಾನಂತೂ ಈ ಆಪರೇಷನ್ ನೋಡಿದೀನಿ, ಮಾಡಿಲ್ಲ."

ಆಕೆ ಅಷ್ಟನ್ನೂ ಗಂಡನಿಗೆ ಕೈಸನ್ನೆಯಲ್ಲಿ ತಿಳಿಸಿದರು. ಅವರು ನನ್ನ ಮುಖವನ್ನೇ ನೋಡಿ, ನಾಯಿಯ ಬೆನ್ನು ಸವರಿ, ತಲೆಯಾಡಿಸಿದರು.

"ಮಾಡ್ಲಿ ಅಂತಾವ್ರೆ. ಇನ್ಯಾರ್ ತಾವ ಹೋಗಾನ ಸ್ವಾಮಿ?"

ಕಿಟಕಿಯ ಪಕ್ಕಕ್ಕೆ ಟೇಬಲ್ ಎಳೆಸಿ, ಬಿಸಿಲ ಬೆಳಕಿನಲ್ಲಿ ಶುರುಮಾಡಿದೆ. ನಕ್ಕಿದ್ದ ಕಾಂಪೌಂಡರ್ ಎರಡು ಗಂಟೆ ಅಲುಗಾಡದೆ ನಿಂತು ರಕ್ತ ಒರೆಸಿದರು. ಗಂಟಿನ ಸುತ್ತ ದಾರದಷ್ಟು ಸಣ್ಣ ನಾಳಗಳು. ಒಂದನ್ನು ಕಟ್ಟಿದರೆ ಇನ್ನೊಂದು ಚಿಮ್ಮುತ್ತಿತ್ತು. ಕೊನೆಗೆ ಗಂಟು ಇಡಿಯಾಗಿ ಈಚೆ ಬಂದಾಗ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಹತ್ತನೇ ದಿನ ಹೊಲಿಗೆ ಬಿಚ್ಚಿಸಲು ಗಂಡನ ಜೊತೆ ಬಂದ ಹೆಂಗಸು ಪೆಚ್ಚಾಗಿದ್ದರು. "ಬೊಗಳಿದ್ರೆ ಬರೀ ಗೊರಗೊರ ಅಂತೈತೆ." ಧ್ವನಿಪೆಟ್ಟಿಗೆಗೆ ಹೋಗುವ ನರಕ್ಕೆ ನನ್ನ ಕೈಯಿಂದಲೇ ಏಟಾಗಿತ್ತು. ತಪ್ಪು ಒಪ್ಪಿಕೊಂಡೆ. ಆಕೆ ಗಂಡನಿಗೆ ಸನ್ನೆ ಮಾಡಿದರು. ಅವರು ಜೋರಾಗಿ ನಕ್ಕು, ತಮ್ಮ ಕಿವಿ ಮುಟ್ಟಿ ತೋರಿಸಿ, ಪಂಚೆಯ ಅಂಚನ್ನು ನಾಯಿಯ ಮುಂದೆ ಹಿಡಿದರು. ಅದು ಕಚ್ಚಿ ಎಳೆಯಿತು.

ಬೆಂಗಳೂರಿಗೆ ಕಳಿಸಿದ್ದ ಗಂಟಿನ ವರದಿ ಬಂತು. ಕ್ಯಾನ್ಸರ್ರೇ. ಆದರೂ ನಾಯಿ ಒಂದೂವರೆ ವರ್ಷ ಗಟ್ಟಿಮುಟ್ಟಾಗಿ ತೋಟ ಸುತ್ತಿತು. ಆಮೇಲೆ ಕೆಮ್ಮು ಶುರುವಾಯಿತು, ನಾಲ್ಕು ಹೆಜ್ಜೆಗೆ ಏದುಸಿರು. ನೋಡಿದೊಡನೆ ಗೊತ್ತಾಯಿತು. ಮಾಡುವುದೇನೂ ಇಲ್ಲ ಎಂದೆ. ಹದಿನೈದು ದಿನದಲ್ಲಿ ಹೋಯಿತಂತೆ.

ಕೆಲವು ತಿಂಗಳ ಮೇಲೆ ಆಕೆ ಎಮ್ಮೆ ಹೊಡೆದುಕೊಂಡು ಬಂದರು. ಬೇರೆ ಮರಿ ಸಾಕಿದಿರಾ ಎಂದು ಕೇಳಿದೆ.

"ಬ್ಯಾಡ ಅಂದ್ಬುಟ್ರು. ಈಗ ಅವ್ರ್ ಹಿಂದೆ ನಾನೇ ಓಡಾಡ್ತೀನಿ," ಎಂದರು.

ನಾನು ಬಗ್ಗಿ ಎಮ್ಮೆಯ ಕೆಚ್ಚಲು ನೋಡತೊಡಗಿದೆ.