ಮೆಟ್ಟಿಲಂಚಿನ ಕೆಂಪು

ಕಾದ ಇಟ್ಟಿಗೆಯ ಮೇಲೆ ನೀರು ಬಿದ್ದಾಗ ಏಳುವ ವಾಸನೆಯನ್ನು ನಾನೀಗ ಅಷ್ಟು ಸುಲಭವಾಗಿ ನಂಬುವುದಿಲ್ಲ. ಕಳೆದ ಭಾನುವಾರ ಹ್ಯೂಸ್ಟನ್ನಿನ ಫೋರ್ತ್ ವಾರ್ಡಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕೈಯಾರೆ ಹಾಸಿದ ಇಟ್ಟಿಗೆಯ ಬೀದಿಯಲ್ಲಿ ನಡೆಯುತ್ತಿದ್ದೆ. ಯಾರೋ ಗಿಡಕ್ಕೆ ನೀರು ಬಿಡುತ್ತಿದ್ದರು. ಆ ವಾಸನೆಯೊಂದಿಗೆ ನಮ್ಮ ಹಳೆಯ ಬಾಡಿಗೆ ಮನೆಯ ವರಾಂಡ, ಅಮ್ಮನ ಬಗ್ಗಿದ ಬೆನ್ನು, ಪಕ್ಕದ ಬಾಗಿಲಿನ ಮಿಸ್ ಅರ್ಲೀನ್ ಎಲ್ಲ ಒಟ್ಟಿಗೆ ನೆನಪಾದವು. ಇಷ್ಟು ಅಚ್ಚುಕಟ್ಟಾಗಿ ಬರುವ ನೆನಪಿನ ಮೇಲೇ ನನಗೆ ಅನುಮಾನ.

ಒಂದೇ ವರಾಂಡ, ಎರಡು ಬಾಗಿಲು. ಅಮ್ಮ ಬೆಳಿಗ್ಗೆ ನಮ್ಮ ಹೊಸ್ತಿಲ ಮುಂದೆ ರಂಗೋಲಿ ಎಳೆಯುತ್ತಿದ್ದಳು. ಮಿಸ್ ಅರ್ಲೀನ್ ಇಟ್ಟಿಗೆ ಕುಟ್ಟಿ, ಆ ಪುಡಿಯನ್ನು ತಮ್ಮ ಹೊಸ್ತಿಲಿಗೆ ಅಡ್ಡಗೆರೆಯಾಗಿ ಸುರಿಯುತ್ತಿದ್ದರು. ಕೇಡು ಬಯಸುವವರು ಅದನ್ನು ದಾಟಲಾರರೆಂಬುದು ಅವರ ಹಿರಿಯರ ನಂಬಿಕೆ. "ಮಾಟ ಮಾಡ್ತಾಳೆ, ಆ ಕಡೆ ಹೋಗ್ಬೇಡ" ಎನ್ನುತ್ತಿದ್ದಳು ಅಮ್ಮ. ನಮ್ಮ ಬಿಳಿ ಗೆರೆಗಳನ್ನು ಅವರು ತುಳಿಯದೆ ಸುತ್ತಿ ಹೋಗುತ್ತಿದ್ದ ರೀತಿ ನೋಡಿದರೆ ಅವರಿಗೂ ಅದೇ ಗುಮಾನಿ ಇದ್ದಿರಬೇಕು. ಆದರೆ ನಾವು ಊರಾಚೆಯ ಮಿಸೌರಿ ಸಿಟಿಗೆ ಶಿಫ್ಟ್ ಆದ ಬೆಳಿಗ್ಗೆ ಅಮ್ಮ ಎರಡೂ ಬಾಗಿಲಿಗೆ ಸೇರಿದ ಮುಂಬದಿಯ ಮೆಟ್ಟಿಲ ಮೇಲೆ ರಂಗೋಲಿ ಹಾಕಿದಳು. ಅದಕ್ಕೆ ಕೆಮ್ಮಣ್ಣು ಬಳಿದಂಥ ಕೆಂಪು ಅಂಚಿತ್ತು; ಆ ಇಟ್ಟಿಗೆ ಪುಡಿಯನ್ನು ಮಿಸ್ ಅರ್ಲೀನ್ ತಾವೇ ಬಟ್ಟಲಲ್ಲಿ ತಂದುಕೊಟ್ಟಿದ್ದರು ಎಂದು ನನ್ನ ನೆನಪು. ಅಮ್ಮ ಇದ್ದಾಗ ಒಮ್ಮೆ ಕೇಳಿದ್ದೆ. "ಅವಳ ಪುಡಿ ನಾನು ಮುಟ್ತೀನಾ? ಕನಸು ಕಂಡಿರ್ತೀಯ" ಅಂದಿದ್ದಳು. ಆ ಇಬ್ಬರು ಕೊನೆಗಾದರೂ ಒಬ್ಬರನ್ನೊಬ್ಬರು ನಂಬಿದರೋ ಇಲ್ಲವೋ ತಿಳಿಯಲೆಂದೇ ಕಳೆದ ಭಾನುವಾರ ನಾನು ಅಲ್ಲಿಗೆ ಹೋದದ್ದು.

ಮನೆ ಇರಲಿಲ್ಲ. ಹುಲ್ಲಿನ ನಡುವೆ ಎಲ್ಲಿಗೂ ಹತ್ತಿಸದ ಸಿಮೆಂಟಿನ ಮೆಟ್ಟಿಲುಗಳಷ್ಟೇ ಉಳಿದಿದ್ದವು. ಫೋಟೋ ತೆಗೆಯುತ್ತಿದ್ದಂತೆ ಎದುರು ಮನೆಯ ವರಾಂಡದಿಂದ ವಯಸ್ಸಾದವರೊಬ್ಬರು ಕೂಗಿದರು.

"ಜಾಗ ಕೊಳ್ಳೋಕೆ ಬಂದ್ಯಾ ತಾಯಿ?"

"ಇಲ್ಲ ಸರ್. ಚಿಕ್ಕವಳಿದ್ದಾಗ ಇಲ್ಲೇ ಇದ್ವಿ."

"ಕೊಳ್ಳೋರೆಲ್ಲ ಹೀಗೇ ಶುರು ಮಾಡೋದು."

ಅಮ್ಮ ಆ ಮೆಟ್ಟಿಲ ಮೇಲೆ ಬಿಳಿ ಪುಡಿಯಲ್ಲಿ ಚಿತ್ರ ಬಿಡಿಸಿದ್ದನ್ನು ಹೇಳಿದೆ. ಅವರು ಎದ್ದು ಬಂದರು. ಮಿಸ್ ಅರ್ಲೀನ್ ತಮ್ಮ ಸೋದರತ್ತೆ ಎಂದರು. "ನೀವು ಹೋದ್ಮೇಲೆ ಅತ್ತೆ ಅದನ್ನ ತುಳಿಯೋಕೆ ಬಿಡ್ಲಿಲ್ಲ. ಮಳೆ ಬಂದು ತೊಳೆಯೋವರೆಗೂ ನಾವೆಲ್ಲ ಹಿತ್ತಲ ಬಾಗಿಲಲ್ಲೇ ಓಡಾಡಿದ್ವಿ."

"ಹೆದರಿಕೆಯಿಂದಲಾ?"

"ಅವಳನ್ನೇ ಕೇಳ್ಬೇಕಿತ್ತು ನೀನು."

"ಅಂಚು ಕೆಂಪಗಿತ್ತಾ?"

ಅವರು ನನ್ನ ಮುಖವನ್ನೇ ನೋಡಿದರು. "ಇತ್ತು ಅಂದ್ರೆ ನಿನಗೆ ಸಮಾಧಾನಾನಾ?"

"ಹೂಂ."

"ಹಾಗಾದ್ರೆ ಇತ್ತು."

ಕೇಳಬೇಕಾದವರು ಇಬ್ಬರೂ ಈಗಿಲ್ಲ. ಆ ಹಿರಿಯರು ತಮ್ಮ ಮನೆಯೊಳಗೆ ಹೋದ ಮೇಲೆ ಮೆಟ್ಟಿಲ ಬಿರುಕಿನಲ್ಲಿ ಬೆರಳಾಡಿಸಿದೆ. ತುದಿಗೆ ಕೆಂಪು ಹತ್ತಿತು. ಬೀದಿಯ ಧೂಳೇ ಇದ್ದೀತು. ಆದರೂ ಮನೆ ಸೇರುವವರೆಗೆ, ಆ ಬೆರಳು ಯಾವುದಕ್ಕೂ ತಾಗದಂತೆ, ಒಂದೇ ಕೈಯಲ್ಲಿ ಡ್ರೈವ್ ಮಾಡಿದೆ.