ಸ್ಕೂಲ್ ಬ್ಯಾಗಿನಲ್ಲಿ ಬಂದ ಕಲ್ಲು

ಮಕ್ಕಳಿಗೆ ಈ ಕೆನ್ಯಾ ದೇಶದ ಚರಿತ್ರೆ ತೋರಿಸೋಣ ಎಂದು ನಮ್ಮ ಕನ್ನಡ ಕುಟುಂಬಗಳ ವಾಟ್ಸ್ಯಾಪ್ ಗುಂಪಿನಲ್ಲಿ ಮೊದಲು ಬರೆದವಳು ನಾನೇ. ಹಾಗಾಗಿ ಏರ್ಪಾಟೂ ನನ್ನ ತಲೆಗೇ ಬಂತು. ಏಳು ಮನೆ, ಹನ್ನೊಂದು ಮಕ್ಕಳು. ಇಲ್ಲಿನ ಮಗಾಡಿ ರಸ್ತೆಯಲ್ಲಿ ಒಂದೂವರೆ ಗಂಟೆ ಹೋದರೆ ಒಂದು ಬಯಲಿದೆ. ಆದಿಮಾನವರ ಕಲ್ಲಿನ ಕೊಡಲಿಗಳು ಅಲ್ಲಿ ಇನ್ನೂ ನೆಲದ ಮೇಲೇ ಬಿದ್ದಿವೆ. ಅಲ್ಲಿಗೇ ಎಂದು ತೀರ್ಮಾನವಾಯಿತು.

ಮೂರು ವಾರ ನನಗೆ ನೆಮ್ಮದಿಯಿಲ್ಲ. ಬಿಸಿಲಿಗೆ ಯಾರಾದರೂ ತಲೆ ತಿರುಗಿ ಬಿದ್ದರೆ? ಪೊದೆಯಲ್ಲಿ ಹಾವಿದ್ದರೆ? ನಗರದ ಇನ್ನೊಂದು ಬಡಾವಣೆ ಲೊರೆಶೋದಲ್ಲಿರುವ ಗೆಳತಿಯ ಮಗನಿಗೆ ಅಸ್ತಮಾ. ಅವನ ಇನ್ಹೇಲರ್ ಇನ್ನೊಂದು ಇರಲಿ ಎಂದು ಅವಳಿಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಬ್ರೇಕ್ ಸರಿ ಇದೆಯಾ ಎಂದು ಕೇಳಿ ಕೇಳಿ ಬಸ್ಸಿನ ಡ್ರೈವರನಿಗೂ ಸಾಕಾಗಿತ್ತು. "ಸವಾ, ಮಾಮಾ, ಸವಾ," ಎಲ್ಲ ಸರಿಯಿದೆ ಅಮ್ಮಾ, ಎಂದು ತನ್ನ ಸ್ವಾಹಿಲಿಯಲ್ಲಿ ಹೇಳಿ ನಕ್ಕಿದ್ದ.

ಆ ಭಾನುವಾರ ಅಂಥದ್ದೇನೂ ಆಗಲಿಲ್ಲ. ಬಸ್ಸಿನಲ್ಲಿ ನಿಂತು ನಾನೇ ಭಾಷಣ ಮಾಡಿದೆ: "ಈ ಆದಿಮಾನವರು ಕೆನ್ಯಾದವರಿಗೆ ಮಾತ್ರ ಅಲ್ಲ, ನಮಗೆಲ್ಲರಿಗೂ ಅಜ್ಜ ಅಜ್ಜಿ." ಸಂಜೆ ಎಲ್ಲರನ್ನೂ ಅವರವರ ಮನೆಗೆ ಸೇರಿಸಿ ಸೌತ್ ಸಿ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದೆ. ಊಟದ ಡಬ್ಬಿ ತೊಳೆಯೋಣವೆಂದು ಮಗಳ ಬ್ಯಾಗು ಬಿಚ್ಚಿದರೆ, ಟವೆಲಿನಲ್ಲಿ ಸುತ್ತಿದ ಭಾರದ ವಸ್ತು. ಅಂಗೈಯಷ್ಟಗಲದ ಬೂದುಗಲ್ಲು, ಎರಡೂ ಅಂಚು ಕೆತ್ತಿ ಚೂಪಾಗಿಸಿದ್ದು.

"ಏನೇ ಇದು? ಯಾಕೆ ತಂದೆ?"

ಒಂಬತ್ತು ವರ್ಷದ ಮಗಳು ಹೆದರಲೂ ಇಲ್ಲ. "ಯು ಸೆಡ್ ಅಜ್ಜ ಅಜ್ಜಿ, ಅಮ್ಮ. ಸೋ ಇಟ್ಸ್ ಅವರ್ಸ್ ಆಲ್ಸೋ."

ಗಂಡ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಅವರ ವರ್ಕ್ ಪರ್ಮಿಟ್ ನವೀಕರಣಕ್ಕೆ ಹೋಗಿತ್ತು. "ಬಿಡೇ, ಅಲ್ಲಿ ಸಾವಿರ ಬಿದ್ದಿದೆ. ಯಾರಿಗೂ ಹೇಳ್ಬೇಡ. ಕದ್ದಿದ್ದು ಅಂತ ಕೇಸಾದ್ರೆ ಪರ್ಮಿಟ್ಟೂ ಹೋಗುತ್ತೆ, ಕೆಲಸಾನೂ. ಸುಮ್ನೆ ಇಲ್ಲದ ರಗಳೆ," ಎಂದರು. ಅವರು ಹೇಳಿದ್ದು ತಪ್ಪೆನ್ನಲು ನನಗೆ ಧೈರ್ಯ ಬರಲಿಲ್ಲ. ಆದರೆ ಅಡುಗೆಮನೆ ಕಟ್ಟೆಯ ಮೇಲೆ ಆ ಕಲ್ಲನ್ನು ನೋಡುತ್ತಾ ಚಪಾತಿ ಲಟ್ಟಿಸುವುದೂ ಆಗಲಿಲ್ಲ.

ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ, ಮಗಳನ್ನು ಶಾಲೆಗೆ ಕಳಿಸದೆ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅಷ್ಟು ದೂರ ಒಬ್ಬಳೇ ಎಂದೂ ಓಡಿಸಿದವಳಲ್ಲ. ದಾರಿಯಲ್ಲಿ ರೊಂಗಾಯ್ ಪೇಟೆಯ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. ಲೈಸೆನ್ಸ್ ನೋಡಿ ಬಿಟ್ಟರು. ಮಗಳು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ವಿಲ್ ದೇ ಟೇಕ್ ಅಪ್ಪ'ಸ್ ಜಾಬ್?" ಎಂದು ಕೇಳಿದಳು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಾಳೆ. "ಇಲ್ಲ ಪುಟ್ಟಾ," ಎಂದೆ, ನನಗೇ ಗೊತ್ತಿಲ್ಲದಿದ್ದರೂ.

ಹಿಂದಿನ ದಿನ ನಮ್ಮನ್ನು ಸುತ್ತಾಡಿಸಿದ್ದ ವಯಸ್ಸಾದ ಗೈಡೇ ಗೇಟಿನಲ್ಲಿದ್ದರು. ನಾನು ಕ್ಷಮೆ ಕೇಳಲು ಶುರು ಮಾಡಿದೆ. ಅವರು ಕಲ್ಲನ್ನು ತಿರುಗಿಸಿ ನೋಡಿ, ನನ್ನನ್ನು ಬಿಟ್ಟು ಮಗಳನ್ನು ಇಂಗ್ಲಿಷಿನಲ್ಲಿ ಕೇಳಿದರು: "ಎಲ್ಲಿತ್ತು? ನೆನಪಿದೆಯಾ?"

ಅವಳು ಮುಂದೆ ನಡೆದಳು. ಕಾಲುದಾರಿ ಬಿಟ್ಟು, ಒಣಗಿದ ತೊರೆ ದಾಟಿ, ಒಂದು ಮುಳ್ಳುಗಿಡದ ಬುಡಕ್ಕೆ. ಅಷ್ಟು ದೂರ ಅವಳು ಯಾವಾಗ ಹೋಗಿದ್ದಳೋ! ದಿನವಿಡೀ ಮಕ್ಕಳ ತಲೆ ಎಣಿಸುತ್ತಲೇ ಇದ್ದ ನನಗೆ ತಿಳಿದಿರಲಿಲ್ಲ. ಮಣ್ಣಿನಲ್ಲಿ ಕಲ್ಲಿನ ಅಚ್ಚು ಹಾಗೇ ಇತ್ತು. ಗೈಡ್ ಇಡಲು ಹೋದಾಗ, "ನೋ, ಅದರ್ ಸೈಡ್ ಅಪ್," ಎಂದಳು. ಅವರು ಅವಳ ಕೈಗೇ ಕೊಟ್ಟರು.

"ಜಾಗ ತಪ್ಪಿದರೆ ಇದು ಬರೀ ಕಲ್ಲು," ಎಂದರು ನನ್ನ ಕಡೆ ತಿರುಗಿ. ಆಮೇಲೆ ರಿಜಿಸ್ಟರಿನಲ್ಲಿ ನನ್ನ ಹೆಸರು, ಫೋನ್ ನಂಬರ್ ಬರೆದುಕೊಂಡರು, ಮೇಲಿನವರಿಗೆ ತಿಳಿಸಲೇಬೇಕಂತೆ. "ಅಸಾಂಟೆ, ಮಾಮಾ," ಎಂದು ಕೈ ಕುಲುಕಿದರು. ಆ ಧನ್ಯವಾದದಿಂದ ಸಮಾಧಾನವೇನೂ ಆಗಲಿಲ್ಲ. ಎಷ್ಟೋ ವಾರ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗಲೆಲ್ಲ ಆ ಮೇಲಿನವರದೇ ಎಂದುಕೊಂಡೆ. ಕೊನೆಗೂ ಆ ಕರೆ ಬರಲಿಲ್ಲ, ಪರ್ಮಿಟ್ ಬಂತು.

ಆದರೆ ಅದಕ್ಕೆ ಮೊದಲೇ, ವಾಪಸ್ಸಾದ ಮಧ್ಯಾಹ್ನವೇ, ಗುಂಪಿನಲ್ಲಿ ನಡೆದದ್ದೆಲ್ಲ ಬರೆದಿದ್ದೆ. ಎಲ್ಲರೂ ಓದಿದರು. ಅರ್ಧ ಗಂಟೆಯ ಮೇಲೆ ಲೊರೆಶೋದ ಗೆಳತಿಯ ಫೋನ್.

"ಬೈಬೇಡ ಕಣೇ," ಎಂದಳು ಸಣ್ಣ ದನಿಯಲ್ಲಿ. "ನಮ್ಮನೇಲೂ ಒಂದಿದೆ. ಮಗ ಬಾಲ್ಕನಿ ಕುಂಡದಲ್ಲಿ ಇಟ್ಕೊಂಡಿದಾನೆ. ಚೆನ್ನಾಗಿದೆ ಅಂತ ನಾನೇ ಸುಮ್ಮನಿದ್ದೆ."

"ಎಲ್ಲಿಂದ ಎತ್ತಿದ್ನಂತೆ?"

"ಕೇಳ್ದೆ. ಅವನಿಗೆ ನೆನಪೇ ಇಲ್ವಂತೆ."

ಮುಂದಿನ ಶನಿವಾರ ಇಬ್ಬರೂ ಜೊತೆಯಲ್ಲಿ ಹೋದೆವು. ಅವಳ ಮಗ ಆ ಬಯಲಿನಲ್ಲಿ ಒಂದು ಗಂಟೆ ಅತ್ತಿತ್ತ ಓಡಾಡಿ, ಮೊದಲು ಒಂದು ಜಾಗ, ಆಮೇಲೆ ಇನ್ನೊಂದು ತೋರಿಸಿ, ಕೊನೆಗೆ ಅಳತೊಡಗಿದ. ಗೈಡ್ ಅವನ ತಲೆ ನೇವರಿಸಿ ಕಲ್ಲನ್ನು ತೆಗೆದುಕೊಂಡರು. ಆಫೀಸಿನ ಹಿಂದಿನ ಕೋಣೆಯಲ್ಲಿ, ಎಲ್ಲಿಯದೆಂದು ತಿಳಿಯದ ಕಲ್ಲುಗಳ ಒಂದು ಮರದ ಪೆಟ್ಟಿಗೆಯಿತ್ತು. ಅದರಲ್ಲಿಟ್ಟು ಮುಚ್ಚಳ ಹಾಕಿದರು.